ಗೇರ್‌ಬಾಕ್ಸಿಗೆ ಕಟ್ಟಿದ ಚೀಟಿ

ಮೇ ಹನ್ನೆರಡು, ಸೋಮವಾರ, ಬೆಳಿಗ್ಗೆ ಏಳು ಹತ್ತಕ್ಕೆ ಹೆರಾನ್ ಲ್ಯಾಂಡಿಂಗ್ ಊರಿನ ಪೊಲೀಸ್ ಠಾಣೆಯ ಫೋನು ಬಡಿದುಕೊಂಡಿತು. ಮಾತಾಡಿದವಳು ಫೆರಿಯ ಮೇಲ್ವಿಚಾರಕಿ ಡೆಲ್ಮಾ ಪ್ರೈಸ್.

"ಮೇಡಂ, ಯಾರೋ ನಮ್ಮ ಫೆರಿಗೆ ಕೈ ಹಾಕಿದಾರೆ. ಗೇರ್‌ಬಾಕ್ಸ್ ಮುಚ್ಚಳ ತೆಗೆದ್ರೆ ಎಣ್ಣೆ ಜೆಲ್ಲಿ ಥರ ಗಟ್ಟಿಯಾಗಿ ಕೂತಿದೆ."

ಸಾರ್ಜೆಂಟ್ ಒಡೆಟ್ ಕೊರ್ಮಿಯರ್ ಫೋನಿಟ್ಟವಳೇ ಜೀಪಿನತ್ತ ನಡೆದಳು. ಉಕ್ಕಿನ ಹಗ್ಗ ಹಿಡಿದು ನದಿ ದಾಟುವ ಆ ಫೆರಿ ನಿಂತರೆ ಪಶ್ಚಿಮ ದಡದವರು ಆಸ್ಪತ್ರೆಗೆ ತೊಂಬತ್ತು ಕಿಲೋಮೀಟರ್ ಸುತ್ತಬೇಕು. ಆಕೆಯ ತಾಯಿಯೇ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಅದರಲ್ಲಿ ಬರುತ್ತಿದ್ದಳು. ಬುಧವಾರ ಸರ್ಕಾರದ ಪರೀಕ್ಷಕರು ಬರುವವರಿದ್ದರು. ಸವೆದ ಗೇರ್‌ಬಾಕ್ಸ್ ನಪಾಸಾದರೆ ಫೆರಿ ಕಾಯಂ ಬಂದ್ ಎಂದು ಪತ್ರವೂ ಬಂದಿತ್ತು.

ಏಳು ಐವತ್ತಕ್ಕೆ ಪಂಚನಾಮೆ ಶುರುವಾಯಿತು. ಯಂತ್ರದ ಕೋಣೆಯ ಬೀಗ ಒಡೆದಿರಲಿಲ್ಲ. ಬಾಗಿಲ ಕೀಲಿನ ತಿರುಪು ಬಿಚ್ಚಿ, ಒಳಗೆ ಹೋಗಿ, ಹೊರಡುವಾಗ ಅಷ್ಟೂ ತಿರುಪನ್ನು ಬಿಗಿದು ಹೋಗಿದ್ದರು. ನೆಲ ಒರೆಸಿತ್ತು. ಹೊರತೆಗೆದ ಎಣ್ಣೆ ನಾಲ್ಕು ಡಬ್ಬಿಗಳಲ್ಲಿ 'ಹಳೇ ಎಣ್ಣೆ' ಎಂದು ಬರೆಸಿಕೊಂಡು ಗೋಡೆ ಪಕ್ಕ ಸಾಲಾಗಿ ನಿಂತಿತ್ತು.

"ಕಳ್ಳ ಅಂದ್ರೆ ಇವನು ಮೇಡಂ," ಎಂದ ಕಾನ್‌ಸ್ಟೆಬಲ್ ಲೋರ್ನ್ ಹ್ಯಾಸ್ಕೆಟ್. "ನಮ್ಮನೆ ಗ್ಯಾರೇಜಿಗೂ ಒಂದ್ಸಲ ನುಗ್ಗಿದ್ರೆ ಚೆನ್ನಾಗಿತ್ತು."

"ಬರ್ಕೊಳ್ರೀ ಸುಮ್ನೆ."

ಗೇರ್‌ಬಾಕ್ಸಿಗೆ ತಾಮ್ರದ ತಂತಿಯಲ್ಲಿ ರಟ್ಟಿನ ಚೀಟಿಯೊಂದು ನೇತಾಡುತ್ತಿತ್ತು. ಅದರಲ್ಲಿ ಭಾನುವಾರದ ತಾರೀಖು. ಕೆಳಗೆ, 'ಬೇರೆ ಎಣ್ಣೆ ಬೆರೆಸಬೇಡಿ.' ಹೆಸರಿರಲಿಲ್ಲ. ತಂತಿಯ ತುದಿಯನ್ನು ಮುಟ್ಟಿದವರ ಬೆರಳಿಗೆ ಚುಚ್ಚದಂತೆ ಪುಟ್ಟ ಉಂಗುರ ಮಾಡಿ ಮಡಚಿತ್ತು. ಒಡೆಟ್ ಅದನ್ನು ಕವರಿಗೆ ಹಾಕಿ ಮೊಹರು ಮಾಡಿದಳು.

"ನಿನ್ನೆ ಇಲ್ಲಿ ಯಾರಿದ್ರು?" ಎಂದು ಡೆಲ್ಮಾಳನ್ನು ಕೇಳಿದಳು.

"ಭಾನುವಾರ ಒಂಬತ್ತರಿಂದ ಹನ್ನೆರಡು ಫೆರಿ ನಿಲ್ಸ್ತೀವಿ. ಎಲ್ರೂ ಚರ್ಚಲ್ಲಿರ್ತಾರೆ."

"ಮಧ್ಯಾಹ್ನ ಓಡಿಸ್ದಾಗ ಏನೂ ಗೊತ್ತಾಗಲಿಲ್ವಾ?"

"ಸದ್ದು ಕಮ್ಮಿಯಿತ್ತು. ನನ್ನ ಕಿವೀನೇ ಮಂದ ಆಯ್ತೇನೋ ಅಂದ್ಕೊಂಡೆ."

ಫೆರಿ ನಿಂತಿತು. ಎಣ್ಣೆಯ ಮಾದರಿ ಪ್ರಯೋಗಾಲಯಕ್ಕೆ ಹೋಯಿತು. ಮಂಗಳವಾರ ಮಧ್ಯಾಹ್ನ ಎರಡಕ್ಕೆ ಅಲ್ಲಿಂದ ಬಂದ ಉತ್ತರ ಕೇಳಿ ಒಡೆಟ್ ಕುರ್ಚಿಗೊರಗಿ ಉಸಿರು ಬಿಟ್ಟಳು. ಅದು ಹಾಳು ಮಾಡುವ ವಸ್ತುವೇ ಅಲ್ಲ. ಒಳ್ಳೆಯ ಎಣ್ಣೆಗೆ ಹದವಾಗಿ ಬೆರೆಸಿದ, ಎಣ್ಣೆಯನ್ನು ಹೆಪ್ಪುಗಟ್ಟಿಸುವ ಪುಡಿ. ಯಂತ್ರ ನಿಂತಾಗ ಎಣ್ಣೆ ಇಳಿದುಹೋಗದೆ ಗೇರಿನ ಹಲ್ಲಿಗೆ ಅಂಟಿ ಕೂರುತ್ತದೆ, ತಿರುಗಿದೊಡನೆ ನೀರಿನಂತೆ ತೆಳ್ಳಗಾಗುತ್ತದೆ. ಹಲ್ಲು ಒಣಗಿ ಉಜ್ಜುವುದಿಲ್ಲ, ಸವೆಯುವುದಿಲ್ಲ. ದಿನಕ್ಕೆ ಅರವತ್ತು ಸಲ ನಿಂತು ಹೊರಡುವ ಫೆರಿಗೆ ಇದಕ್ಕಿಂತ ಒಳ್ಳೆಯ ಉಪಚಾರವಿಲ್ಲ ಎಂದರು.

ಅಂದು ಸಂಜೆ ಲೋರ್ನ್ ಹುಲ್ಲು ಕತ್ತರಿಸುವ ಯಂತ್ರವನ್ನು ಜೀಪಿನಲ್ಲಿ ಹಾಕಿಕೊಂಡೇ ಠಾಣೆಗೆ ಬಂದ. ಮುಖ ಸಪ್ಪಗಾಗಿತ್ತು. ಯಂತ್ರದ ಹಿಡಿಯಲ್ಲಿ ರಟ್ಟಿನ ಚೀಟಿ, ತಾಮ್ರದ ತಂತಿ, ತುದಿಯಲ್ಲಿ ಪುಟ್ಟ ಉಂಗುರ.

"ಎರಡು ವರ್ಷದಿಂದ ನನ್ನ ಕಣ್ಣೆದುರೇ ನೇತಾಡ್ತಿದೆ ಮೇಡಂ. ಇದನ್ನ ರಿಪೇರಿ ಮಾಡಿದ್ದು ಯೂಕ್ಲಿಡ್ ಸವಾಯ್."

ಯೂಕ್ಲಿಡ್ ಪಶ್ಚಿಮ ದಡದವನು, ಎಪ್ಪತ್ತೊಂದು ವರ್ಷ, ಯಂತ್ರಗಳ ಎಣ್ಣೆ ತಯಾರಿಸುವ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವನು.

ಬುಧವಾರ ಪರೀಕ್ಷಕರು ಪ್ರಯೋಗಾಲಯದ ವರದಿ ನೋಡಿ ಆ ಎಣ್ಣೆಯನ್ನೂ ಒಪ್ಪಿದರು, ಹತ್ತು ಗಂಟೆಗೆ ಫೆರಿ ಪರೀಕ್ಷೆಯಲ್ಲಿ ಪಾಸಾಯಿತು. ಹತ್ತೂವರೆಗೆ ಒಡೆಟ್ ಅದೇ ಫೆರಿಯಲ್ಲಿ ನದಿ ದಾಟಿದಳು. ಯೂಕ್ಲಿಡ್ ತನ್ನ ಮನೆ ಬಾಗಿಲಲ್ಲೇ ಕೋಟು ಹಾಕಿಕೊಂಡು ನಿಂತಿದ್ದ.

"ಬಾಮ್ಮ ಒಡೆಟ್. ಪಾಸಾಯ್ತಾ?"

"ಆಯ್ತು. ನೀವೇ ಮಾಡಿದ್ದಾ?"

"ನಾನೇ."

"ಕೇಳಿ ಮಾಡಬಹುದಿತ್ತಲ್ಲ?"

"ಮೂರು ಸಲ ಬರೆದೆ. ಪಟ್ಟಿಯಲ್ಲಿಲ್ಲದ ಎಣ್ಣೆ ಹಾಕೋ ಹಾಗಿಲ್ಲ ಅಂದ್ಳು ಡೆಲ್ಮಾ. ಅವಳ ತಪ್ಪಲ್ಲ, ರೂಲ್ಸ್ ಹಾಗಿದೆ."

"ಕದ್ದು ಬಂದೋರು ಚೀಟಿ ಯಾಕೆ ಕಟ್ಟಿದ್ರಿ? ಅದರಿಂದ್ಲೇ ಸಿಕ್ಕಿದ್ದು."

"ಕಟ್ಟದೆ ಹೇಗಮ್ಮ ಬರೋದು? ತಿಳೀದೆ ಯಾರಾದ್ರೂ ಬೇರೆ ಎಣ್ಣೆ ಸುರಿದ್ರೆ ಹೆಪ್ಪು ಒಡೆದುಹೋಗುತ್ತೆ."

ಅತಿಕ್ರಮ ಪ್ರವೇಶ, ಸರ್ಕಾರಿ ಯಂತ್ರಕ್ಕೆ ಅನುಮತಿಯಿಲ್ಲದೆ ಕೈ ಹಾಕಿದ್ದು. ಹನ್ನೊಂದು ಇಪ್ಪತ್ತಕ್ಕೆ ಬಂಧನ. ಬೇಡಿ ಹಾಕಲಿಲ್ಲ. ಠಾಣೆ ಪೂರ್ವ ದಡದಲ್ಲಿದ್ದುದರಿಂದ ಆರೋಪಿಯನ್ನು ಫೆರಿಯಲ್ಲೇ ಒಯ್ಯಬೇಕಾಯಿತು. ಯೂಕ್ಲಿಡ್ ಜೀಪಿನ ಕಿಟಕಿ ಇಳಿಸಿ ಯಂತ್ರದ ಸದ್ದಿಗೆ ಕಿವಿಗೊಟ್ಟ.

"ಮೂವತ್ತೆಂಟು ವರ್ಷದ ಕೆಳಗೆ," ಎಂದ, "ನದೀಲಿ ಐಸ್ ಒಡೀತಿತ್ತು. ಫೆರಿ ಬಿಡೋ ಹಾಗಿರಲಿಲ್ಲ. ನನ್ನ ಹೆಂಡ್ತಿಗೆ ಹೆರಿಗೆ ನೋವು. ಡೆಲ್ಮಾಳ ಅಪ್ಪ ರೂಲ್ಸ್ ಮುರಿದು ದಾಟಿಸ್ದ. ತಾಯಿ, ಮಗು ಇಬ್ರೂ ಉಳಿದ್ರು. ಅವನು ಹೋಗ್ಬಿಟ್ಟ, ನಾನು ಒಂದು ಥ್ಯಾಂಕ್ಸ್ ಕೂಡ ಸರಿಯಾಗಿ ಹೇಳ್ಲಿಲ್ಲ."

"ನಮ್ಮಮ್ಮ ನಾಳೆ ಡಯಾಲಿಸಿಸ್‌ಗೆ ಇದರಲ್ಲೇ ಬರ್ತಾಳೆ," ಎಂದಳು ಒಡೆಟ್. "ನಿಮ್ಮ ಋಣ ನನ್ನ ಮೇಲಿದೆ. ಕೋರ್ಟಲ್ಲಿ ಇದನ್ನೇ ಹೇಳ್ತೀನಿ."

ಡೆಲ್ಮಾ ಜೀಪಿನ ಪಕ್ಕ ಬಂದು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅಪ್ಪ ಈ ಸಂಗತಿಯನ್ನು ಮನೆಯಲ್ಲಿ ಎಂದೂ ಆಡಿರಲಿಲ್ಲ. ಕಣ್ಣೊರೆಸಿಕೊಂಡು, ಜೇಬಿನಿಂದ ಹೊಸ ರಟ್ಟಿನ ಚೀಟಿ, ಪೆನ್ನು, ಒಂದು ತುಂಡು ತಂತಿ ತೆಗೆದು ಕಿಟಕಿಯೊಳಗೆ ಚಾಚಿದಳು.

"ಹಳೇದು ಪೊಲೀಸರ ಕವರಲ್ಲಿದೆ. ಗೇರ್‌ಬಾಕ್ಸಿಗೆ ಈಗ ಚೀಟಿ ಇಲ್ಲ, ಬರ್ಕೊಡಿ."

ಅವನು ತಾರೀಖು ಬರೆದು, ಬೇರೆ ಎಣ್ಣೆ ಬೆರೆಸಬೇಡಿ ಎಂದು ಬರೆದು, ವಾಪಸ್ ಕೊಟ್ಟ.

ಡೆಲ್ಮಾ ಓದಿ ಚೀಟಿಯನ್ನು ಮತ್ತೆ ಅವನ ತೊಡೆಯ ಮೇಲಿಟ್ಟಳು. "ಈ ಸಲ ಹೆಸರು ಹಾಕಿ."