ಮೂರನೇ ಕಾಯಿಲ್

ನನ್ನ ಗಂಡ ಯತೀಶ ತಾನೇ ಟರ್ಬೊ ಕೂರಿಸಿಕೊಂಡಿದ್ದ ಕಾರು, ಅವನು ತೀರಿಕೊಂಡ ಮೇಲೆ ಆಗಾಗ ಜರ್ಕ್ ಕೊಟ್ಟು, ಎಂಜಿನ್ನಿನ ಬಡಿತ ತಪ್ಪಿ ಮಿಸ್ ಹೊಡೆಯತೊಡಗಿತು. ಈ ಸಲವೂ ಸರಿಹೋಗದಿದ್ದರೆ ಮಾರಿಬಿಡುತ್ತೇನೆಂದು ಮೈದುನನಿಗೆ ಮಾತು ಕೊಟ್ಟು ಕುರುಬರಹಳ್ಳಿಯ ಗ್ಯಾರೇಜಿಗೆ ಒಯ್ದೆ.

ಮೆಕ್ಯಾನಿಕ್ ವೀರೇಶ ಎಂಜಿನ್ ಓಡುತ್ತಿರುವಾಗಲೇ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದ.

"ಯಾವ್ದನ್ನ ತಗದ್ರ ಸದ್ದು ಬದ್ಲಾಗಂಗಿಲ್ಲೋ, ಅದ ಸತ್ತೈತಿ ಅಂತ ತಿಳ್ಕೋರಿ ಅಕ್ಕಾರ."

ಮೊದಲೆರಡು ಕಿತ್ತಾಗ ಕಾರು ಗಡಗಡ ನಡುಗಿತು. ಮೂರನೆಯದನ್ನು ಕಿತ್ತ ಕೂಡಲೇ ಮಿಸ್ ನಿಂತು, ಎಂಜಿನ್ ಯತೀಶ ಓಡಿಸುವಾಗಿನಂತೆ ನುಣ್ಣಗೆ ಗುನುಗಿತು. ಬಾನೆಟ್ಟಿನ ಕಾವಿನಲ್ಲೂ ಆ ಖಾಲಿ ಕುಳಿಯಿಂದ ತಣ್ಣನೆ ಗಾಳಿ ಬರುತ್ತಿತ್ತು.

"ಕಿಡಿ ಇಲ್ದ ಹೆಂಗ ಉರೀತೈತ್ರೀ ಇದು?" ವೀರೇಶ ಹೊಸ ಕಾಯಿಲ್ ಹಾಕಿದ. ಮತ್ತೆ ಮಿಸ್. ತೆಗೆದ. ಸರಿಹೋಯಿತು.

"ಹಾಗೇ ಇರ್ಲಿ ಬಿಡಿ," ಎಂದೆ.

ಕೆಂಗೇರಿಯ ಮನೆ ತಲುಪುವವರೆಗೂ ಒಮ್ಮೆಯೂ ಮಿಸ್ ಹೊಡೆಯಲಿಲ್ಲ. ಮೈದುನ ಒಂದು ಸುತ್ತು ಹೋಗಿ ಬಂದು, "ಸಕತ್ತಾಗಿದೆ ಅತ್ತಿಗೆ, ಇದನ್ನ ಯಾಕೆ ಮಾರ್ತೀರಾ?" ಎಂದು ನಕ್ಕ. ನಾನೂ ನಕ್ಕೆ.

ಕಿತ್ತ ಕಾಯಿಲ್ ನಮ್ಮ ಅಡುಗೆಮನೆಯ ಗೂಡಿನಲ್ಲಿದೆ. ಕಾರು ಓಡಿಸಿ ಬಂದಾಗಲೆಲ್ಲ ಅದನ್ನು ಮುಟ್ಟಿ ನೋಡುತ್ತೇನೆ. ಬಿಸಿಯಾಗಿರುತ್ತದೆ.