ನೇತಾಡುತ್ತಿದ್ದ ದೋಣಿ

ನವೆಂಬರ್ 9, ಭಾನುವಾರ, ಬೆಳಗ್ಗೆ 8 ಗಂಟೆ 40 ನಿಮಿಷ. ಇನ್ಸ್‌ಪೆಕ್ಟರ್ ಠಾಣೆಯ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಒಬ್ಬ ಹೆಂಗಸಿನ ದನಿ ಅವಳಿಗೆ ಕೇಳಿಸಿತು. ಅಳುವ ದನಿಯಲ್ಲ, ಜಗಳದ ದನಿ.

"ಅಳಿಸಿ ಹಾಕಿ ಅದನ್ನ. ಕುಡಿದಿದ್ದ ಅಂತ ಹೇಗೆ ಬರೆದ್ರಿ? ಹತ್ರ ಹೋಗಿ ಮೂಸಿ ನೋಡಿದ್ರಾ?"

"ಬರೆದಾಯ್ತಲ್ಲಮ್ಮ," ಅಂದ ಠಾಣೆಯ ಬರಹಗಾರ, ಪೆನ್ನಿನ ಮುಚ್ಚಳ ಹಾಕುತ್ತ. "ಠಾಣೆ ಡೈರಿ ಅಂದ್ರೆ ಸ್ಲೇಟಲ್ಲ, ಒರೆಸಿ ಒರೆಸಿ ಬರೆಯೋಕೆ."

ಇನ್ಸ್‌ಪೆಕ್ಟರ್ ಡೈರಿಯನ್ನು ತನ್ನ ಕಡೆ ತಿರುಗಿಸಿಕೊಂಡಳು. 'ಜಲಾಶಯದ ದೋಣಿಯವನು ಕುಡಿದ ಅಮಲಿನಲ್ಲಿ ಕಾಲು ಜಾರಿ ನೀರಿಗೆ ಬಿದ್ದು ಮೃತಪಟ್ಟಿರುತ್ತಾನೆ. ಸಮಯ 7.35.' ಅಣೆಕಟ್ಟಿನ ತೂಬು ನೋಡಿಕೊಳ್ಳುವವನು ಹೆಣವನ್ನು ಕಂಡದ್ದು 6.50ಕ್ಕೆ. ಅಲ್ಲಿಗೆ ಇನ್ನೂ ಒಬ್ಬ ಪೇದೆಯೂ ಹೋಗಿರಲಿಲ್ಲ.

"ಯಾರು ಹೇಳಿದ್ದು ಇದನ್ನ?"

"ಮೀನಿಗೆ ಗಾಳ ಹಾಕೋರ ಸಂಘದ ಕಾರ್ಯದರ್ಶಿ ಫೋನ್ ಮಾಡಿದ್ರು ಮೇಡಂ. ದೋಣೀಲಿ ಬಾಟ್ಲಿ ಇದೆಯಂತೆ."

"ದೋಣಿ ಎಲ್ಲಿದೆ?"

"ದೋಣಿ ನಿಲ್ಲಿಸೋ ಕಟ್ಟೆ ಹತ್ರ."

"ಹೆಣ?"

"ಮೇಲಿನ ಕವಲಲ್ಲಿ. ಒಂದೂವರೆ ಕಿಲೋಮೀಟರು."

"ಕಾಲ ಮೇಲೆ ನಿಲ್ಲೋಕಾಗದಷ್ಟು ಕುಡಿದವನು ದೋಣಿ ಕಟ್ಟಿ, ಒಂದೂವರೆ ಕಿಲೋಮೀಟರು ನಡೆದು ಹೋಗಿ, ಜಾಗ ಹುಡುಕಿ ಜಾರಿ ಬಿದ್ದ. ಅಲ್ವಾ?"

ಬರಹಗಾರ ಮುಚ್ಚಳ ತೆಗೆದ, ಮತ್ತೆ ಹಾಕಿದ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇನ್ಸ್‌ಪೆಕ್ಟರ್ ಈ ವಾಕ್ಯವನ್ನು ಎಷ್ಟು ಸಲ ಓದಿದ್ದಳೋ. ಗಾರೆ ಕೆಲಸದವನು ಬಿದ್ದರೆ, ಲಾರಿ ಕ್ಲೀನರ್ ಬಿದ್ದರೆ, ಇದೇ ವಾಕ್ಯ. ಕಾರಿನಲ್ಲಿ ಬಂದವನು ಬಿದ್ದಾಗ ಒಂದು ಸಲವೂ ಕಂಡಿರಲಿಲ್ಲ.

ದೋಣಿಯವನ ಹೆಂಡತಿ ಸಂಘದ ವಸತಿಗೃಹದಲ್ಲಿ ಬಟ್ಟೆ ಒಗೆಯುವವಳು. ಕೈಬೆರಳು ಸೋಪಿನಿಂದ ಬಿಳಿಚಿ ಸುಕ್ಕುಗಟ್ಟಿದ್ದವು.

"ಕುಡೀತಿದ್ದ, ಇಲ್ಲ ಅನ್ನಲ್ಲ. ಬಿಟ್ಟು ಹನ್ನೊಂದು ವರ್ಷ ಆಯ್ತು. ಊರು ಮಾತ್ರ ಬಿಡಲಿಲ್ಲ. ಇವತ್ತಿಗೂ ಅವನನ್ನ 'ಟೈಟು' ಅಂತಾನೇ ಕರೀತಾರೆ. ಸತ್ತ ಮೇಲೂ ಅದೇ ಹೆಸರಲ್ಲಿ ಕಳಿಸ್ತೀರಾ?"

"ನಿಮಗೆ ಅನುಮಾನ ಯಾಕೆ ಬಂತು, ಅದನ್ನ ಹೇಳಿ."

"ದೋಣಿ ನೇತಾಡ್ತಿದೆ. ಹೋಗಿ ನೋಡಿ. ಅವನು ಕಟ್ಟಿದ ದೋಣಿ ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ನೇತಾಡಿಲ್ಲ."

9.30ಕ್ಕೆ ಇನ್ಸ್‌ಪೆಕ್ಟರ್ ಮತ್ತು ದಫೇದಾರ ಕಟ್ಟೆಗೆ ಬಂದರು. ಸುತ್ತ ಬೋಳು ಬೆಟ್ಟ, ನಡುವೆ ತಣ್ಣನೆಯ ಹಸಿರು ನೀರು. ನೀರಿಗಿಳಿಯುವ ಕಲ್ಲಿನ ಮೆಟ್ಟಿಲ ಪಕ್ಕದ ಗೋಡೆಯಲ್ಲಿ, ಮೇಲಿನಿಂದ ಕೆಳಕ್ಕೆ ನಾಲ್ಕು ಕಬ್ಬಿಣದ ರಿಂಗುಗಳು. ಮೂರನೆಯ ರಿಂಗಿಗೆ ದೋಣಿಯ ಮೂತಿ ಬಿಗಿದಿತ್ತು. ಮೂತಿ ಗಾಳಿಯಲ್ಲಿ, ಹಿಂಭಾಗ ನೀರಲ್ಲಿ, ಕಿವಿ ಹಿಡಿದು ಎತ್ತಿದ ಹಾಗೆ.

ದಫೇದಾರ ಟೇಪು ಹಿಡಿದ. ಗಂಟಿನಿಂದ ಗಂಟಿಗೆ ಹಗ್ಗ ಐವತ್ತನಾಲ್ಕು ಸೆಂಟಿಮೀಟರು. ಉಳಿದ ಹಗ್ಗವನ್ನು ಯಾರೋ ಅಂದವಾಗಿ ಸುರುಳಿ ಸುತ್ತಿ ದೋಣಿಯೊಳಗೆ ಇಟ್ಟಿದ್ದರು. ಬಾಟಲಿ ಹಿಂದಿನ ಮೂಲೆಗೆ ಉರುಳಿತ್ತು.

"ದೋಣಿಯವರು ಎರಡನೇ ರಿಂಗಿಗೆ ಕಟ್ಟಿ ಎರಡು ಮಾರು ಸಡಿಲ ಬಿಡ್ತಾರೆ ಮೇಡಂ," ಅಂದ ದಫೇದಾರ. "ಸಂಜೆ ನಾಲ್ಕಕ್ಕೆ ಕರೆಂಟು ತೆಗೆಯೋಕೆ ತೂಬು ಬಿಡ್ತಾರಲ್ಲ, ಬೆಳಗಿನ ಜಾವ ಮುಚ್ಚೋದ್ರಲ್ಲಿ ನೀರು ಆಳೆತ್ತರ ಇಳಿದಿರುತ್ತೆ. ಇಲ್ಲಿ ಒಂದು ದಿನ ಕೆಲಸ ಮಾಡಿದವನಿಗೂ ಗೊತ್ತು."

"ಗೊತ್ತಿಲ್ಲದವರು ಯಾರು?"

"ಯಾವತ್ತೂ ದೋಣಿ ಕಟ್ಟದವರು."

ಇನ್ಸ್‌ಪೆಕ್ಟರ್ ಗಂಟನ್ನು ಬಿಚ್ಚಲು ಬಿಡಲಿಲ್ಲ. ಎರಡೂ ಕಡೆ ಹಗ್ಗ ಕತ್ತರಿಸಿ, ಗಂಟು ಗಂಟಾಗಿಯೇ ಲಕೋಟೆ ಸೇರಿತು. ಪಂಚನಾಮೆಗೆ ಇಬ್ಬರು ಪಂಚರು ಸಹಿ ಹಾಕುತ್ತಿರುವಾಗ ಸಂಘದ ಕಾರ್ಯದರ್ಶಿ ಓಡುತ್ತ ಬಂದ.

"ಪಾಪ, ಒಳ್ಳೆ ಮನುಷ್ಯ. ಆದ್ರೆ ಚಟ ನೋಡಿ... ಮೇಡಂ, ಮುಂದಿನ ವಾರ ಸ್ಪರ್ಧೆ ಇದೆ. ಇದನ್ನ ಸ್ವಲ್ಪ ಬೇಗ ಮುಗಿಸಿಬಿಟ್ರೆ..."

"ಚಟ ನೀವು ನೋಡಿದ್ರಾ?"

"ನೋಡಿಲ್ಲ. ಎಲ್ರೂ ಹೇಳ್ತಾರೆ."

"ಹಾಗಾದ್ರೆ ಎಲ್ರನ್ನೂ ಹೇಳಿಕೆ ಕೊಡೋಕೆ ಕಳಿಸಿ. ನಿನ್ನೆ ಅವನ ದೋಣೀಲಿ ಹೋದವರು ಯಾರು?"

"ಹಲ್ಲಿನ ಡಾಕ್ಟ್ರು. ನಮ್ಮ ಹಿರಿಯ ಸದಸ್ಯರು. ಐದೂವರೆಗೇ ವಾಪಸ್ ಬಂದ್ರಂತೆ. ಅವರ ಕಣ್ಣೆದುರೇ ಇವನು ದೋಣಿ ಕಟ್ಟಿದನಂತೆ."

ಇನ್ಸ್‌ಪೆಕ್ಟರ್ ಬರೆದುಕೊಂಡಳು. 'ಐದೂವರೆ'ಯ ಕೆಳಗೆ ಗೆರೆ ಎಳೆದಳು.

ಮೇಲಿನ ಕವಲು ಎಂದರೆ ಬೆಟ್ಟದ ತೊರೆ ಜಲಾಶಯವನ್ನು ಸೇರುವ ಜಾಗ. ಚಳಿಗಾಲದಲ್ಲಿ ಟ್ರೌಟ್ ಮೀನು ಅಲ್ಲಿಗೆ ಮೊಟ್ಟೆ ಇಡಲು ಹೋಗುತ್ತದೆ. ಆ ಮೂರು ತಿಂಗಳು ಅಲ್ಲಿ ಗಾಳ ಹಾಕಬಾರದೆಂದು ಹಳದಿ ಫಲಕವೇ ಇತ್ತು. ನೀರು ಇಳಿದ ಕೆಸರಿನಲ್ಲಿ ದೋಣಿಯವನು ಬೋರಲು ಬಿದ್ದಿದ್ದ. ಗಮ್‌ಬೂಟು ಮೊಣಕಾಲಿನವರೆಗೆ ಕೆಸರಲ್ಲಿ ಹೂತಿದ್ದವು. ಅವನು ಈಜಿಕೊಂಡು ಬಂದಿದ್ದ. ಕಾಲಿಗೆ ನೆಲ ಸಿಕ್ಕ ಜಾಗದಲ್ಲೇ ಕೆಸರು ಅವನನ್ನು ಹಿಡಿದಿತ್ತು. ದಡಕ್ಕೆ ಎಷ್ಟು ದೂರ ಎಂದು ದಫೇದಾರ ಹೆಜ್ಜೆ ಹಾಕಿ ಎಣಿಸಿದ. ಹದಿನೆಂಟು.

ಇನ್ಸ್‌ಪೆಕ್ಟರ್ ಕೂತು ಅವನ ಕೈಗಳನ್ನು ನೋಡಿದಳು. ಎರಡೂ ಕೈಯ ಬೆರಳ ಗೆಣ್ಣುಗಳು ಒಡೆದಿದ್ದವು, ಒಂದೇ ಸಾಲಿನಲ್ಲಿ. ಬಿದ್ದವನ ಅಂಗೈ ತರಚುತ್ತದೆ, ಗೆಣ್ಣು ಒಡೆಯುವುದಿಲ್ಲ. ಅಂಚು ಹಿಡಿದು ಜೋತುಬಿದ್ದವನ ಕೈ ಮೇಲೆ ಯಾರಾದರೂ ಹೊಡೆದರೆ ಹೀಗಾಗುತ್ತದೆ.

"ದೋಣಿಯ ಹುಟ್ಟುಗಳನ್ನ ಸೀಲ್ ಮಾಡಿ ತಗೊಳ್ಳಿ," ಅಂದಳು. ದನಿ ಏರಲಿಲ್ಲ. ದಫೇದಾರ ಕಟ್ಟೆಯ ಕಡೆ ಹೊರಟ.

11 ಗಂಟೆಗೆ ಅಣೆಕಟ್ಟಿನ ಅಳತೆ ಕೋಣೆ. ಗೋಡೆಯಲ್ಲಿ ನೀರಿನ ಮಟ್ಟದ ಪಟ್ಟಿ, ಮೇಜಿನ ಮೇಲೆ ರಿಜಿಸ್ಟರು. ತೂಬಿನವನು ಗಂಟೆಗೊಮ್ಮೆ ಮಟ್ಟ ಬರೆಯುತ್ತಿದ್ದ.

"ತಪ್ಪದೇ ಬರೀತೀಯಾ?"

"ಬೇರೇನು ಮಾಡ್ಲಿ ಮೇಡಂ? ಇಲ್ಲಿ ಮಾತಾಡೋಕೆ ನೀರು ಬಿಟ್ರೆ ಯಾರಿದಾರೆ."

ನಿಂತ ನೀರಿನ ಮೇಲ್ಮೈ ಎಲ್ಲ ಕಡೆ ಒಂದೇ ಎತ್ತರ. ಹಾಗಾಗಿ ಬೇರೆ ಉಪಕರಣವೇ ಬೇಕಾಗಲಿಲ್ಲ. ಅವಳು ಪಟ್ಟಿಯ ಮುಂದೆ ನಿಂತು ಫೋನ್ ಮಾಡಿದಳು. ಕಟ್ಟೆಯ ಬಳಿ ದಫೇದಾರ ಮೂರನೇ ರಿಂಗಿನಿಂದ ನೀರಿಗೆ ಟೇಪು ಇಳಿಬಿಟ್ಟ.

"ಒಂದು ಮೀಟರು ಮೂವತ್ತೊಂದು."

ಪಟ್ಟಿಯಲ್ಲಿ 21.34. ಎರಡನ್ನೂ ಕೂಡಿಸಿದರೆ ಮೂರನೇ ರಿಂಗಿನ ಎತ್ತರ 22.65. ಅವಳು ನಿನ್ನೆಯ ಪುಟ ತೆರೆದಳು. ಸಂಜೆ 5ಕ್ಕೆ 22.85, 6ಕ್ಕೆ 22.73, 7ಕ್ಕೆ 22.61. ಗಂಟೆಗೆ ಹನ್ನೆರಡು ಸೆಂಟಿಮೀಟರು, ಗಡಿಯಾರದ ಹಾಗೆ.

ಐದೂವರೆಗೆ ಆ ರಿಂಗು ಹದಿನಾಲ್ಕು ಸೆಂಟಿಮೀಟರು ನೀರಿನ ಅಡಿಯಲ್ಲಿತ್ತು. ಅದು ಗಾಳಿ ಕಂಡದ್ದೇ 6.40ಕ್ಕೆ.

ಮುಖ್ಯದ್ವಾರದ ಕಾವಲುಗಾರ ತನ್ನ ಪುಸ್ತಕ ತೋರಿಸಿದ. ಗಾಳದವರ ಕಾರುಗಳೆಲ್ಲ 6.15ರ ಒಳಗೆ ಹೊರಗೆ ಹೋಗಿದ್ದವು, ಒಂದನ್ನು ಬಿಟ್ಟು. ಹಲ್ಲಿನ ಡಾಕ್ಟರ ಆ ಕಾರು ಹೋದದ್ದು 7.20ಕ್ಕೆ.

ಸಂಘದ ಕೋಣೆಯಲ್ಲಿ ಮರದ ಹಲಗೆ, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ವರ್ಷದ ಅತಿ ದೊಡ್ಡ ಮೀನು, ಹಿಡಿದವರ ಹೆಸರು. ಹದಿನಾರು ವರ್ಷ ಒಂದೇ ಹೆಸರು, ಹಲ್ಲಿನ ಡಾಕ್ಟರದು. ಹದಿನೇಳನೆಯ ಸಾಲಿನಲ್ಲಿ ಈ ವರ್ಷವೇ ಗಾಳ ಹಿಡಿದ ಒಬ್ಬ ಶಾಲಾ ಮೇಷ್ಟ್ರ ಹೆಸರು, ಸೀಮೆಸುಣ್ಣದಲ್ಲಿ. 7 ಕಿಲೋ 180 ಗ್ರಾಂ.

"ವರ್ಷ ಮುಗಿದ ಮೇಲೆ ಬಣ್ಣದಲ್ಲಿ ಬರೆಸ್ತೀವಿ," ಅಂದ ಕಾರ್ಯದರ್ಶಿ. "ಮೇಷ್ಟ್ರ ಹೆಸರು ಇನ್ನು ಬರೆಸೋ ಹಾಗಿಲ್ಲ ಬಿಡಿ. ನಿನ್ನೆ ಡಾಕ್ಟ್ರು ಏಳು ಕಿಲೋ ನಾನೂರ ಹತ್ತು ಹಿಡಿದಿದ್ದಾರೆ." ಫ್ರೀಜರಿನ ಮುಚ್ಚಳ ಎತ್ತಿದ. ಹೊಟ್ಟೆ ಉಬ್ಬಿದ ಬೆಳ್ಳಿ ಮೀನು. ಪಕ್ಕದ ಚೀಟಿಯಲ್ಲಿ 'ಸಾಕ್ಷಿ: ದೋಣಿಯವರ ಸಹಿ' ಎಂಬಲ್ಲಿ ಖಾಲಿ.

"ಸಹಿ ಯಾಕಿಲ್ಲ?"

"ಅವನು... ಈಗ ಅವನೇ ಇಲ್ವಲ್ಲ. ಸಮಿತಿ ಒಪ್ಪಿಕೊಳ್ಳುತ್ತೆ."

"ದಡಕ್ಕೆ ಬಂದ ಎಷ್ಟು ಹೊತ್ತಿಗೆ ತೂಕ ಹಾಕ್ತಾರೆ?"

"ತಕ್ಷಣ. ಮೀನು ಒಣಗಿದ್ರೆ ಗ್ರಾಂ ಲೆಕ್ಕದಲ್ಲಿ ಕಮ್ಮಿ ಆಗುತ್ತಲ್ಲ. ಇಲ್ಲಿ ಯಾರೂ ಒಂದು ನಿಮಿಷ ತಡ ಮಾಡಲ್ಲ."

ತಕ್ಕಡಿ ಮುದ್ರಿಸಿದ ಚೀಟಿಯನ್ನು ಅವಳು ಬೆಳಕಿಗೆ ಹಿಡಿದಳು. ಸಮಯ: 19.06.

ನವೆಂಬರ್ 10, ಸೋಮವಾರ, ಮಧ್ಯಾಹ್ನ 12.15. ಶವಪರೀಕ್ಷೆಯ ವರದಿ ಬಂತು. ಮುಳುಗಿ ಸಾವು. ಸಾವಿಗೆ ಮುಂಚೆ ಎರಡೂ ಕೈಗೆ ಮೊಂಡು ಅಂಚಿನ ವಸ್ತುವಿನಿಂದ ಪೆಟ್ಟು. ಹೊಟ್ಟೆಯಲ್ಲಿ, ರಕ್ತದಲ್ಲಿ ಮದ್ಯದ ಅಂಶ ಇಲ್ಲ. 12.40ಕ್ಕೆ ಕೊಲೆಯ FIR ದಾಖಲಾಯಿತು. ಇನ್ಸ್‌ಪೆಕ್ಟರ್ ಅದನ್ನು ಬರಹಗಾರನ ಕೈಯಲ್ಲೇ ಬರೆಸಿದಳು. 'ಮದ್ಯದ ಅಂಶ ಇಲ್ಲ' ಎಂಬಲ್ಲಿಗೆ ಬಂದಾಗ, "ಜೋರಾಗಿ ಓದಿಕೊಂಡು ಬರಿ," ಅಂದಳು.

3 ಗಂಟೆಗೆ ಹಲ್ಲಿನ ಡಾಕ್ಟರು ಕಟ್ಟೆಗೆ ಬಂದರು. ಐವತ್ತೆಂಟು ವಯಸ್ಸು, ಶುಭ್ರ ಕೋಟು, ಉಗುರು ನೀಟಾಗಿ ಕತ್ತರಿಸಿದ ಕೈ.

"ನನ್ನ ಹೇಳಿಕೆ ಕೊಟ್ಟಾಗಿದೆ. ರೋಗಿಗಳು ಕಾಯ್ತಿದ್ದಾರೆ."

"ಎರಡೇ ನಿಮಿಷ ಸಾರ್. ಎಷ್ಟು ಗಂಟೆಗೆ ದಡಕ್ಕೆ ಬಂದ್ರಿ?"

"ಐದೂವರೆ."

"ದೋಣಿ ಕಟ್ಟಿದ್ದು ಯಾರು?"

"ಅವನೇ. ನನ್ನ ಕಣ್ಣೆದುರು."

"ಯಾವ ರಿಂಗಿಗೆ?"

"ಅಲ್ಲೇ ಕಟ್ಟಿತ್ತಲ್ಲ, ಅದಕ್ಕೇ."

"ಈ ದೋಣಿ ಒಂದು ಸಲ ಕಟ್ಟಿ ತೋರಿಸ್ತೀರಾ?"

"ನಾನಾ?" ಅವರು ನಕ್ಕರು. "ಅದು ಅವರ ಕೆಲಸ. ಹದಿನೇಳು ವರ್ಷದಲ್ಲಿ ನಾನು ಯಾವತ್ತೂ..." ಮಾತು ಅಲ್ಲೇ ನಿಂತಿತು.

"ಯಾವತ್ತೂ ಕಟ್ಟಿಲ್ಲ. ಗೊತ್ತು. ಈಗ ಕಟ್ಟಿ."

ದಫೇದಾರ ಹಗ್ಗ ಚಾಚಿದ. ಡಾಕ್ಟರು ಬಗ್ಗಿ, ಮೂತಿಯನ್ನು ಗೋಡೆಗೆ ಎಳೆದು, ನೀರಿಗೆ ಹತ್ತಿರವಿದ್ದ ರಿಂಗಿಗೆ ಬಿಗಿದರು. ಎರಡು ಸುತ್ತು, ಮೇಲೊಂದು ಎದುರು ಸುತ್ತು, ಬಾಯೊಳಗಿನ ಗಾಯಕ್ಕೆ ಹೊಲಿಗೆ ಹಾಕುವ ಗಂಟು. ಉಳಿದ ಹಗ್ಗವನ್ನು ಕೈ ತಾನಾಗಿಯೇ ಸುರುಳಿ ಸುತ್ತಿತು. ಇನ್ಸ್‌ಪೆಕ್ಟರ್ ಲಕೋಟೆ ಬಿಚ್ಚಿ ಶನಿವಾರದ ಗಂಟನ್ನು ಅದರ ಪಕ್ಕ ಹಿಡಿದಳು. ಎರಡೂ ಒಂದೇ ಗಂಟು.

"ಐದೂವರೆಗೆ ಆ ಮೂರನೇ ರಿಂಗು ನೀರೊಳಗಿತ್ತು ಸಾರ್. ನೀವು ಕಟ್ಟಿದ್ದು 6.40ರ ನಂತರ. ತೂಕ ಹಾಕಿದ್ದು 7.06ಕ್ಕೆ. ದೋಣಿಯವನು ಆಗ ಎಲ್ಲಿದ್ದ?"

ಡಾಕ್ಟರು ತಮ್ಮ ಕೈಗಳನ್ನೇ ನೋಡುತ್ತ ನಿಂತರು. ಆಮೇಲೆ ಅವರ ಮುಖಕ್ಕೆ ಬಂದದ್ದು ಭಯವಲ್ಲ, ಸಿಟ್ಟು.

"ನನ್ನ ಮೀನಿಗೆ ಕೈ ಹಾಕಿದ. ಮೊಟ್ಟೆ ಮೀನು, ಮುಚ್ಚಿದ ಕವಲು, ಸಹಿ ಹಾಕಲ್ಲ ಅಂದ. ಬಲೆಯಿಂದ ತೆಗೆದು ನೀರಿಗೆ ಬಿಡೋಕೆ ಹೋದ. ಒಬ್ಬ ದೋಣಿ ಹುಟ್ಟು ಹಾಕೋನು! ತಳ್ಳಿದೆ. ಬಿದ್ದ."

"ಆಮೇಲೆ?"

"ಅಂಚು ಹಿಡಿದುಕೊಂಡ."

"ಏನಂದ?"



"'ಕೈ ಕೊಡಿ ಸಾರ್' ಅಂದ."

"ಎಷ್ಟು ಸಲ ಹೊಡೆದ್ರಿ?"

"ಬಿಡೋವರೆಗೆ."

ಇನ್ಸ್‌ಪೆಕ್ಟರ್ ಎರಡು ಹೆಜ್ಜೆ ಹಿಂದೆ ಸರಿದಳು. ತನ್ನ ಬಲಗೈಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದುದು ಅವಳಿಗೇ ಆಮೇಲೆ ತಿಳಿಯಿತು. ಬಾಟಲಿಯೂ ತನ್ನದೇ, ಕಾರಿನಿಂದ ತಂದು ದೋಣಿಯಲ್ಲಿಟ್ಟೆ ಎಂದು ಅವರು ಒಪ್ಪಿಕೊಂಡರು. ಕುಡುಕನೆಂದು ಊರೆಲ್ಲ ನಂಬಲು ಅಷ್ಟೇ ಸಾಕೆಂದು ಅವರಿಗೆ ಗೊತ್ತಿತ್ತು. ಬಂಧನದ ಸಮಯ, ಮಧ್ಯಾಹ್ನ 3.35.

ಜೀಪಿನಲ್ಲಿ ಡಾಕ್ಟರು ಒಂದೇ ಒಂದು ಮಾತು ಆಡಿದರು. "ಆ ಫ್ರೀಜರ್ ಆಫ್ ಮಾಡಬೇಡಿ ಅಂತ ಹೇಳಿ. ಮೀನಿನ ತೂಕ ಇಳಿಯುತ್ತೆ."

ದಫೇದಾರ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. "ಹೊರಡು," ಅಂದಳು ಇನ್ಸ್‌ಪೆಕ್ಟರ್. ಹೊರಟ.

ಮರುದಿನ ಮೀನುಗಾರಿಕೆ ಇಲಾಖೆಯ ಅಧಿಕಾರಿ ಪಂಚರ ಮುಂದೆ ಆ ಮೀನನ್ನು ಸೀಳಿದ. ಒಳಗಿದ್ದ ಮೊಟ್ಟೆ ಒಂದು ಕಿಲೋ ನೂರ ಇಪ್ಪತ್ತು ಗ್ರಾಂ. ಅದನ್ನು ಕಳೆದರೆ ಮೀನು ಮೇಷ್ಟ್ರ ಮೀನಿಗಿಂತ ಎಷ್ಟೋ ಕಡಿಮೆ. ಡಾಕ್ಟರು ಮುಚ್ಚಿದ ಕವಲಿಗೆ ಹೋದದ್ದೇ ಅದಕ್ಕೆ. ಮೊಟ್ಟೆ ತುಂಬಿದ ಹೆಣ್ಣು ಮೀನು ಹೆಚ್ಚು ತೂಗುತ್ತದೆ. ಹದಿನಾರು ಸಾಲು ತಮ್ಮ ಹೆಸರೇ ಇದ್ದ ಹಲಗೆಯಲ್ಲಿ ಹದಿನೇಳನೆಯದು ಬೇರೆಯವರದಾಗುವುದನ್ನು ಅವರು ನೋಡಲಾರದೆ ಹೋದರು. ದೋಷಾರೋಪ ಪಟ್ಟಿಯ 'ಉದ್ದೇಶ' ಎಂಬಲ್ಲಿ ಇನ್ಸ್‌ಪೆಕ್ಟರ್ ಇಷ್ಟನ್ನೇ, ಯಾವ ವಿಶೇಷಣವೂ ಇಲ್ಲದೆ, ಬರೆದಳು.

ದೋಣಿಯವನ ಹೆಂಡತಿಯನ್ನು ಕರೆಸಿದ್ದಳು. ಅವಳ ಎದುರಿಗೆ ಭಾನುವಾರದ ಡೈರಿ ತೆರೆದು, 'ಕುಡಿದ ಅಮಲಿನಲ್ಲಿ ಕಾಲು ಜಾರಿ' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಾರೀಕು ಹಾಕಿದಳು. ಆ ಹೆಂಗಸು ಬಗ್ಗಿ ನೋಡಿದಳು.

"ಇನ್ನೂ ಕಾಣಿಸುತ್ತೆ."

"ಅಳಿಸೋ ಹಾಗಿಲ್ಲಮ್ಮ. ತಪ್ಪು ಬರೆದಿದ್ದೆವು ಅನ್ನೋದೂ ಇರಬೇಕು."

ಆ ಹೆಂಗಸು ಡೈರಿಯನ್ನು ತಾನೇ ಮುಚ್ಚಿದಳು. ಬಾಗಿಲವರೆಗೆ ಹೋಗಿ ತಿರುಗಿದಳು.

"ಅವನು ವಾಪಸ್ ನೀರಿಗೆ ಬಿಡೋಕೆ ಹೋದ ಮೀನು. ಎಷ್ಟು ಗ್ರಾಂ ಹೆಚ್ಚಿತ್ತು ಅಂದ್ರಿ, ಮೇಷ್ಟ್ರ ಮೀನಿಗಿಂತ?"

"ಇನ್ನೂರ ಮೂವತ್ತು."

ಅವಳು ತನ್ನ ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಅಷ್ಟು ಭಾರ ಅದರಲ್ಲಿ ಕೂತಿದೆಯೋ ಎಂಬಂತೆ, ಒಂದೆರಡು ಸಲ ಎತ್ತಿ ಇಳಿಸಿದಳು.

"ಒಂದು ಒದ್ದೆ ಟವೆಲ್ಲಿನ ಭಾರ," ಅಂದಳು. ಹೊರಗೆ ಹೋದಳು.