ತಳಕಿನ ಗೋಡೌನಿನಿಂದ ಕಾಣೆಯಾದ ಯಂತ್ರ

"ಸಂಜೆಯೊಳಗೆ ಮೆಷಿನ್ ತಂದು ನಿಲ್ಲಿಸದಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತೆ ಅಕ್ಕಾ. ನಾನು ಕದ್ದಿಲ್ಲ."

ಮಹಾಂತೇಶನ ದನಿ ನಡುಗುತ್ತಿತ್ತು. ಚಳ್ಳಕೆರೆಯಲ್ಲಿ ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತರಾದ ಪಾಪಕ್ಕನ ಮನೆಗೆ ಸಹಾಯ ಕೇಳಿ ಇಂಥವರು ಬರುವುದು ಹೊಸದಲ್ಲ. ಪಾಪಕ್ಕನನ್ನು ಕರೆದೊಯ್ಯುವ ಓಮ್ನಿ ವ್ಯಾನ್ ನನ್ನದು. ಹಾಗಾಗಿ ಎಲ್ಲಕ್ಕೂ ನಾನೇ ಸಾಕ್ಷಿ.

ಅವನು ಮೊಳಕಾಲ್ಮೂರಿನ ಮರುಳಪ್ಪನವರ ಅಂಗಡಿಯ ಪರವಾಗಿ ಕುರಿ, ದನ ಸಾಕುವವರಿಗೆ ಮೇವು ಕತ್ತರಿಸುವ ಯಂತ್ರ ಮಾರುತ್ತಿದ್ದ. ಯುಗಾದಿಯಿಂದೀಚೆಗೆ ಕಮಿಷನ್ ಕೈಸೇರಿರಲಿಲ್ಲ.

"ಕೆಲಸ ಬಿಡ್ತೀನಿ, ಬಾಕಿ ಕೊಡ್ರಿ ಅಂತ ಮ್ಯಾನೇಜರ್ ಓಂಕಾರಮೂರ್ತಿಗೆ ಫೋನ್ ಮಾಡ್ದೆ. ಮರುದಿನ ತಳಕಿನ ಗೋಡೌನ್ ತೆಗೆದ್ರೆ ಡೆಮೊ ಮೆಷಿನ್ನೇ ಇಲ್ಲ. ಬೀಗ ಹಂಗೇ ಐತೆ. ಒಂದು ಕೀಲಿ ನನ್ನತ್ರ, ಇನ್ನೊಂದು ಅಂಗಡೀಲಿ. ನಾನೇ ಕಳ್ಳ ಅಂತ ಸಾಹುಕಾರ್ ಮರುಳಪ್ಪನವ್ರು ಎಲ್ಲರಿಗೂ ಹೇಳಿ, ಚಳ್ಳಕೆರೆಯ ಪಂಪ್‌ಸೆಟ್ ಅಂಗಡಿ ಅಜ್ಜಪ್ಪನವರು ಕೊಡ್ತೀನಿ ಅಂದಿದ್ದ ಕೆಲಸಾನೂ ಹೋಯ್ತು."

"ಮೆಷಿನ್ ಸರಿಯಾಗಿತ್ತಾ?" ಪಾಪಕ್ಕ ಕೇಳಿದರು.

ಅವನು ತಲೆ ತಗ್ಗಿಸಿದ. "ಫೋನ್ ಮಾಡಿದ ದಿನ ಸಂಜೇನೇ ಗೋಡೌನಲ್ಲಿ ಒಬ್ನೇ ಓಡಿಸಿ ನೋಡುವಾಗ ಜೋಳದ ಸೊಪ್ಪೆ ಜೊತೆ ಕಲ್ಲು ಹೋಗಿ ಬ್ಲೇಡ್ ಮುಕ್ಕಾಯ್ತು. ನಾನೇ ಹೊಸದು ಹಾಕಿಸೋಣ ಅಂತ ಯಾರಿಗೂ ಹೇಳಿಲ್ಲ."

"ಸಾಹುಕಾರರನ್ನ ಕಂಡು ಮಾತಾಡಿದೆಯಾ?"

"ಓಂಕಾರಮೂರ್ತಿ ಬಿಡಲಿಲ್ಲ. ಸಿಟ್ಟಲ್ಲವ್ರೆ, ಹೋದ್ರೆ ಹೊಡಿತಾರೆ ಅಂದ."

ಮಧ್ಯಾಹ್ನ ಮೊಳಕಾಲ್ಮೂರು ತಲುಪಿದೆವು. ಮಹಾಂತೇಶನನ್ನು ವ್ಯಾನಿನಲ್ಲೇ ಕೂರಿಸಿ ಒಳಗೆ ಹೋದಾಗ ಮರುಳಪ್ಪನವರು ಇನ್ನೂ ಊಟದಿಂದ ಬಂದಿರಲಿಲ್ಲ. ಓಂಕಾರಮೂರ್ತಿ ನಗುತ್ತಲೇ ಎದುರಾದ.

"ಸಾಹುಕಾರ್ರಿಗೆ ಕಾಯಬ್ಯಾಡ್ರಿ ಅಮ್ಮಾ. ಮೆಷಿನ್ ತಂದುಕೊಡಲಿ, ಕಮಿಷನ್ ನಾನೇ ಕೊಡಿಸ್ತೀನಿ. ಬ್ಲೇಡ್ ಮುಕ್ಕಾದ ಮೆಷಿನ್ ಇಟ್ಕೊಂಡು ಅವನಾದ್ರೂ ಏನು ಮಾಡ್ತಾನೆ?"

ಪಾಪಕ್ಕ ಕುರ್ಚಿ ಎಳೆದು ಕೂತರು. ಓಂಕಾರಮೂರ್ತಿ ಮತ್ತೆರಡು ಸಲ ನಮ್ಮನ್ನು ಎಬ್ಬಿಸಲು ನೋಡಿದ. ಅಷ್ಟರಲ್ಲಿ ಮರುಳಪ್ಪನವರು ಬಂದರು. ಮಹಾಂತೇಶನ ಹೆಸರೆತ್ತಿದ್ದೇ ತಡ, ಮುಖ ಕೆಂಪಾಯಿತು.

"ಕಮಿಷನ್ನಾ? ತಿಂಗಳು ತಿಂಗಳು ಓಂಕಾರಮೂರ್ತಿ ಕೈಲಿ ಕೊಟ್ಟು ಕಳಿಸೀನಿ ಮೇಡಂ! ಅಷ್ಟು ಉಂಡವನು ಒಂದು ಗೀರೂ ಬೀಳದ ಹೊಸ ಮೆಷಿನ್ ಕದ್ದ!"

ಪಾಪಕ್ಕ ನನ್ನತ್ತ ತಿರುಗಿದರು. "ಅಂಜಿನೇಯ, ಹುಡುಗನ್ನ ಒಳಗೆ ಕರೆ."

ಮಹಾಂತೇಶ ಬಾಗಿಲಲ್ಲಿ ನಿಂತ. ಮರುಳಪ್ಪನವರು ಕೈ ಎತ್ತಿದರು. ನಾನು ಅಡ್ಡ ನಿಂತೆ.

"ಮೊದಲು ಕೇಳಿ," ಎಂದರು ಪಾಪಕ್ಕ. "ನೀವು ಕೊಟ್ಟೆ ಅಂತೀರಿ, ಇವನು ಬಂದಿಲ್ಲ ಅಂತಾನೆ. ಇಬ್ಬರೂ ನಿಜ ಹೇಳುತ್ತಿದ್ದರೆ ದುಡ್ಡು ನಡುವೆ ನಿಂತಿರಬೇಕು. ಇವನು ಕೆಲಸ ಬಿಟ್ಟು ಬಾಕಿ ಕೇಳೋಕೆ ನಿಮ್ಮ ಹತ್ತಿರ ಬಂದರೆ ಅದು ಬಯಲಾಗುತ್ತಿತ್ತು. ಹಾಗಾಗಬಾರದು ಅಂದರೆ ಇವನು ನಿಮ್ಮ ಕಣ್ಣಿಗೆ ಕಳ್ಳನಾಗಬೇಕು. ಇವನ ಫೋನ್ ಬಂದ ರಾತ್ರಿಯೇ ಅಂಗಡಿಯ ಕೀಲಿಯಿಂದ ಗೋಡೌನ್ ತೆರೆಯಿತು."

"ಬಾಯಿಗೆ ಬಂದಂಗೆ ಮಾತಾಡಬ್ಯಾಡ್ರಿ!" ಓಂಕಾರಮೂರ್ತಿ ಕೂಗಿದ. "ಕೀಲಿ ಸಾಹುಕಾರ್ರ ಕೈಗೂ ಸಿಗ್ತೈತೆ!"

"ಸಿಗುತ್ತೆ. ಆದರೆ ಅವರು ಇವತ್ತಿಗೂ ಅದು ಗೀರಿಲ್ಲದ ಮೆಷಿನ್ ಅಂದುಕೊಂಡಿದ್ದಾರೆ. ಬ್ಲೇಡ್ ಮುಕ್ಕಾದದ್ದು ಅದೇ ಸಂಜೆ. ಇವನು ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಗೆ ಗೊತ್ತಾಯಿತು?"

"ಯಾರೋ... ಹೇಳಿದ್ರು."

"ಯಾರು?"

ಓಂಕಾರಮೂರ್ತಿ ಮರುಳಪ್ಪನವರತ್ತ ತಿರುಗಿ ಕೈ ಮುಗಿದ. "ನಮ್ಮ ಭಾವನ ಶೆಡ್ಡಲ್ಲಿ ಐತೆ," ಎಂದ. "ದುಡ್ಡು ಖರ್ಚಾಗೋಯ್ತು ಸಾಹುಕಾರ್ರೇ."

ಮರುಳಪ್ಪನವರು ಗಲ್ಲಾ ತೆಗೆದು, ಕಡಿಮೆ ಬಿದ್ದದ್ದನ್ನು ಒಳಗಿನಿಂದ ತರಿಸಿ, ಯುಗಾದಿಯಿಂದೀಚೆಗಿನ ಕಮಿಷನ್ ಪೂರ್ತಿ ಮಹಾಂತೇಶನ ಕೈಗಿಟ್ಟರು. "ಅವನ ಹತ್ರ ನಾನು ವಸೂಲಿ ಮಾಡ್ಕೊಂತೀನಿ. ನಾಳೆಯಿಂದ ಕೆಲಸಕ್ಕೆ ಬಾರೋ."

"ಕೆಲಸ ಬ್ಯಾಡ್ರಿ," ಎಂದ ಮಹಾಂತೇಶ. ಕಣ್ಣು ತುಂಬಿದ್ದರೂ ದನಿ ಈಗ ನಡುಗಲಿಲ್ಲ. "ಕಳ್ಳ ಅಂತ ಅಜ್ಜಪ್ಪನವ್ರಿಗೆ ಹೇಳಿದ್ರಲ್ಲ. ಅಲ್ಲ ಅಂತಾನೂ ಹೇಳ್ರಿ."

ಮರುಳಪ್ಪನವರು ಮೊಬೈಲ್ ತೆಗೆದು ಗೋಡೆಯ ಕಡೆ ತಿರುಗಿ, ಪಿಸುದನಿಯಲ್ಲಿ ಮಾತು ಶುರುಮಾಡಿದರು.

"ಕಳ್ಳ ಅಂದಾಗಲೂ ಇಷ್ಟೇ ಮೆಲ್ಲಗೆ ಹೇಳಿದ್ರಾ?" ಪಾಪಕ್ಕ ಕೇಳಿದರು.

ಅವರು ನಮ್ಮತ್ತ ತಿರುಗಿದರು. ಈ ಸಲ ಬೀದಿಯಲ್ಲಿ ಹೋಗುತ್ತಿದ್ದವರೂ ನಿಂತು ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಅಜ್ಜಪ್ಪಾ, ತಪ್ಪು ನನ್ನದು. ಹುಡುಗ ಕಳ್ಳ ಅಲ್ಲ."